ಬಿಳಿಮೀನೂ ಜಗತ್ತಿನ ಜೀವಭಂಡಾರವೂ

ಶ್ರೀರಂಗಪಟ್ಟಣದ ದ್ವೀಪವನ್ನು ಎರಡು ಕವಲುಗಳಿಂದ ಬಳಸಿ ಸಂಗಮದಲ್ಲಿ ಮತ್ತೆ ಒಂದಾದ ಕಾವೇರಿಯು ಬನ್ನೂರಿನ ದಿಕ್ಕಿಗೆ ಸಾಗುವಲ್ಲಿ, ಆಕೆಯ ಎಡದಂಡೆಯ ಹಳ್ಳಿಗಳಿಗೆ ಅರಕೆರೆಯೇ ಹೋಬಳಿ. ನಾಲೆಯ ನೀರುಂಡ ಬತ್ತದ ಗದ್ದೆ, ಕಬ್ಬು, ಆಲೆಮನೆ, ಏರುಜಾಗದಲ್ಲಿ ರಾಗಿ, ಮನೆಯ ಹಿಂದೆ ನಾಲ್ಕು ಕುರಿ, ಇವು ಆ ಸೀಮೆಯ ಬದುಕಿನ ಸಾಮಗ್ರಿಗಳು. ಇಂತಹ ಊರಿನ ಗೃಹಸ್ಥನೊಬ್ಬನ ಬಳಿಗೆ ಹೋಗಿ, ಜಗತ್ತಿನ ನಾನಾ ದೇಶಗಳ ವಸ್ತುಸಂಗ್ರಹಾಲಯಗಳೂ ಸಸ್ಯೋದ್ಯಾನಗಳೂ ತಮ್ಮಲ್ಲಿ ಕಾದಿಟ್ಟಿರುವ ಪ್ರಾಣಿ-ಸಸ್ಯಗಳ ಅಂಗಾಂಶದ ಚೂರುಗಳನ್ನೂ ಅವುಗಳಿಂದ ತೆಗೆದ ಡಿಎನ್‌ಎಯನ್ನೂ ಪರಸ್ಪರ ಹಂಚಿಕೊಳ್ಳುವ ಸಲುವಾಗಿ ಒಂದು ಜಾಲವನ್ನು ಕಟ್ಟಿಕೊಂಡಿವೆ ಎಂದು ಹೇಳಿದರೆ, ‘ಅದಕ್ಕೂ ನಮಗೂ ಏನು ಸ್ವಾಮಿ ಸಂಬಂಧ?’ ಎಂದು ಆತ ಕೇಳುವುದು ಸಹಜ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಆತನ ಗದ್ದೆಯಲ್ಲಿಯೇ ನಿಂತಿದೆ.

ಮಂಡ್ಯದ ಗದ್ದೆಗಳಲ್ಲಿ ದಶಕಗಳ ಕಾಲ ಮೆರೆದ ‘ಕೋ 62175’ ಎಂಬ ಕಬ್ಬಿನ ಹೆಸರಿನಲ್ಲಿರುವ ‘ಕೋ’ ಅಕ್ಷರವು ಕೊಯಮತ್ತೂರನ್ನು ಸೂಚಿಸತಕ್ಕದ್ದು. ಅಲ್ಲಿ 1912ರಲ್ಲಿ ಆರಂಭವಾದ ಕಬ್ಬಿನ ತಳಿ ಸಂಶೋಧನ ಕೇಂದ್ರದವರು, ದಕ್ಷಿಣ ಸಮುದ್ರದ ದ್ವೀಪಗಳ ಮೂಲದ ದಪ್ಪ ಕಬ್ಬನ್ನು ನಮ್ಮ ದೇಶದ ಹೊಳೆದಂಡೆಗಳಲ್ಲಿ ಕಾಡಾಗಿ ಬೆಳೆಯುವ, ಸಿಹಿಯೆಂಬುದು ಹೆಸರಿಗೂ ಇಲ್ಲದ ಒರಟು ಹುಲ್ಲಿನೊಂದಿಗೆ ಕೂಡಿಸಿ, ಸಿಹಿಯನ್ನು ಒಂದರಿಂದಲೂ ತಾಳಿಕೆಯನ್ನು ಇನ್ನೊಂದರಿಂದಲೂ ಪಡೆದ ಸಂಕರ ತಳಿಗಳನ್ನು ಸೃಷ್ಟಿಸಿದರು. ಆ ಕೆಲಸ ಇಂದಿಗೂ ನಡೆಯುತ್ತಿರುವುದು, ಲೋಕದ ನಾನಾ ಭಾಗಗಳಿಂದ ತಂದ ಕಬ್ಬಿನ ಬಳಗವನ್ನು ಒಂದೆಡೆ ಜೋಪಾನ ಮಾಡಿರುವುದರಿಂದ. ಆ ಜಾಗತಿಕ ಸಂಗ್ರಹವು ಒಂದೇ ದೇಶದಲ್ಲಿದ್ದರೆ ರೋಗದಿಂದಲೋ ಚಂಡಮಾರುತದಿಂದಲೋ ಒಮ್ಮೆಗೇ ನಾಶವಾದೀತೆಂಬ ಎಚ್ಚರದಿಂದ ಅದನ್ನು ಎರಡು ಕಡೆ ಬೆಳೆಸಿಕೊಂಡು ಬಂದಿದ್ದಾರೆ: ಒಂದು ಅಮೆರಿಕದ ಮಯಾಮಿಯಲ್ಲಿ, ಇನ್ನೊಂದು ನಮ್ಮ ನೆರೆಯ ಕಣ್ಣೂರಿನಲ್ಲಿ.

ರಾಗಿಯ ಕಥೆಯು ಇನ್ನೂ ಹತ್ತಿರದ್ದು. ಮಂಡ್ಯದ ಮಗ್ಗುಲಿನ ವಿ.ಸಿ. ಫಾರಂನಲ್ಲಿ ಕುಳಿತು ‘ರಾಗಿ ಲಕ್ಷ್ಮಣಯ್ಯ’ ಎಂದೇ ಜನರ ಬಾಯಲ್ಲಿ ಹೆಸರಾದ ಲಕ್ಷ್ಮಣಯ್ಯನವರು, ಸೂಜಿಯ ಮೊನೆಯಷ್ಟು ಸಣ್ಣದಾದ, ತನ್ನ ಪರಾಗವನ್ನು ತಾನೇ ಪಡೆದು ಕಾಳುಕಟ್ಟುವ ರಾಗಿಯ ಹೂವಿನಲ್ಲಿ ಸಂಕರವನ್ನು ಸಾಧಿಸುವ ಕಷ್ಟದ ಕಾರ್ಯಕ್ಕೆ ತೊಡಗಿ, ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿದರು. ಇಂಡಿಯ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳನ್ನು ಬೆಸೆದು ಆ ತಳಿಗಳನ್ನು ‘ಇಂಡಾಫ್’ ಎಂದು ಕರೆದರು. ರಾಗಿಯೇ ಮೂಲದಲ್ಲಿ ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದ ಸಾವಿರಾರು ವರ್ಷಗಳ ಹಿಂದೆ ಇತ್ತ ಬಂದದ್ದು. ಹೀಗೆ ಎರಡು ಸಾರಿ ಆಫ್ರಿಕದ ಋಣಕ್ಕೆ ಬಿದ್ದವರು ನಾವು. ನಮ್ಮ ಮುದ್ದೆಯ ಬಗೆಗೆ ನಾವು ಪಡುವ ಅಭಿಮಾನದಲ್ಲಿ ಆ ಸ್ಮರಣೆಗೂ ಒಂದಿಷ್ಟು ಎಡೆಯಿರಬೇಕೆಂದು ನನಗೆ ತೋರುತ್ತದೆ.

ಕಬ್ಬನ್ನು ನೆಟ್ಟು ಉಳಿಸಬಹುದು, ರಾಗಿಯನ್ನು ಒಣಗಿಸಿ ಶೀತಗೃಹದಲ್ಲಿಡಬಹುದು. ರಂಗನತಿಟ್ಟಿನ ಕೊಕ್ಕರೆಯನ್ನು, ಮೇಲುಕೋಟೆಯ ಬೆಟ್ಟದ ತೋಳವನ್ನು, ಕಾವೇರಿಯ ಮೀನನ್ನು ಬೀಜ ಮಾಡಿ ಇಡುವುದೆಂತು? ಈ ಪ್ರಶ್ನೆಯಿಂದಲೇ ಅಂಗಾಂಶ ಭಂಡಾರಗಳು ಹುಟ್ಟಿದವು. ಪ್ರಾಣಿಯ ದೇಹದ ಬಹುಮಟ್ಟಿಗೆ ಪ್ರತಿಯೊಂದು ಕಣದಲ್ಲಿಯೂ ಅದರ ವಂಶದ ಲಿಪಿಯೆಲ್ಲ ಅಡಗಿರುವುದರಿಂದ, ಒಂದು ಚೂರು ಚರ್ಮವೋ ಒಂದು ತೊಟ್ಟು ರಕ್ತವೋ ಸಿಕ್ಕಿದರೆ ಆ ಲಿಪಿಯನ್ನು ಓದಬಹುದು. ಇಂದು ಓದಲಾಗದ ಭಾಗವನ್ನು ಮುಂದಿನ ಪೀಳಿಗೆಯವರು ಬೇರೆ ಉಪಕರಣಗಳಿಂದ ಓದಿಕೊಳ್ಳಬಹುದು. ಪ್ರಾಣಿಯನ್ನೇ ಮರಳಿ ಸೃಷ್ಟಿಸುವೆವೆಂಬ ಮಾತನ್ನು ಪತ್ರಿಕೆಗಳು ಆಗಾಗ ಉತ್ಸಾಹದಿಂದ ಬರೆಯುವುದುಂಟು. ಆ ಕನಸನ್ನು ಸದ್ಯಕ್ಕೆ ಬದಿಗಿಟ್ಟರೂ ಭಂಡಾರದ ಉಪಯೋಗಕ್ಕೆ ಲೋಪವಿಲ್ಲ.

ಮಾದರಿಯನ್ನು ಸಂಗ್ರಹಿಸುವ ಕ್ರಮವು ನೋಡುವುದಕ್ಕೆ ಸರಳವಾದದ್ದು. ಬಲೆಗೆ ಬಿದ್ದ ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ರೆಕ್ಕೆಯ ತುದಿಯಿಂದ ಅಕ್ಕಿಕಾಳಿನಷ್ಟು ಚೂರನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಮೀನನ್ನು ಮರಳಿ ನೀರಿಗೆ ಬಿಡುತ್ತಾರೆ. ಕತ್ತರಿಸಿದ ರೆಕ್ಕೆ ಕೆಲವು ವಾರಗಳಲ್ಲಿ ಮತ್ತೆ ಬೆಳೆದುಕೊಳ್ಳುತ್ತದೆ. ಒಂದು ಮೀನಿನ ಕಣ ಇನ್ನೊಂದಕ್ಕೆ ಅಂಟಿ ಲೆಕ್ಕ ತಪ್ಪದಂತೆ, ಪ್ರತಿ ಸಲವೂ ಕತ್ತರಿಯನ್ನು ಶುದ್ಧಮಾಡಬೇಕು. ಚೂರು ಹೋಗಿ ಸೇರುವುದು ಬಿಗಿಮುಚ್ಚಳದ ಒಂದು ಪುಟ್ಟ ಕೊಳವೆಯಲ್ಲಿರುವ ಎಥನಾಲಿಗೆ. ಚೂರಿನಲ್ಲಿದ್ದ ನೀರು ಬಿಟ್ಟುಕೊಂಡು ಎಥನಾಲು ತೆಳ್ಳಗಾಗುವ ಕಾರಣ, ಒಂದೆರಡು ದಿನಗಳೊಳಗೆ ಅದನ್ನು ಚೆಲ್ಲಿ ಹೊಸದನ್ನು ತುಂಬಬೇಕು. ಹಿಂದಿನವರು ಮೀನುಗಳನ್ನು ಕೆಡದಂತೆ ಇಡುತ್ತಿದ್ದ ಫಾರ್ಮಾಲಿನ್ನು ಆಕಾರವನ್ನೇನೋ ಕಾಪಾಡುತ್ತದೆ, ಡಿಎನ್‌ಎಯನ್ನು ಮಾತ್ರ ಹಾಳುಗೆಡವುತ್ತದೆ. ಆದುದರಿಂದಲೇ ಹಳೆಯ ಸಂಗ್ರಹಾಲಯಗಳ ಗಾಜಿನ ಜಾಡಿಗಳಲ್ಲಿ ಸಾಲುಸಾಲಾಗಿ ನಿಂತ ಮೀನುಗಳಿಂದ ಈ ವಿಷಯದಲ್ಲಿ ದೊರೆಯುವ ನೆರವು ಸ್ವಲ್ಪವೇ. ಇನ್ನು ಕೊಳವೆಯೊಳಗೆ ಇಡತಕ್ಕ ಚೀಟಿಯನ್ನು ಬರೆಯುವುದು ಸೀಸದ ಕಡ್ಡಿಯಿಂದ, ಪೆನ್ನಿನಿಂದಲ್ಲ: ಎಥನಾಲು ಶಾಯಿಯನ್ನು ಕರಗಿಸಿಬಿಡುತ್ತದೆ. ಕೋಟ್ಯಂತರ ರೂಪಾಯಿಗಳ ಯಂತ್ರಗಳಿಗೆ ಉಣಿಸಬೇಕಾದ ವಸ್ತುವಿನ ಭವಿಷ್ಯವು ಹೊಳೆದಂಡೆಯಲ್ಲಿ ಹೀಗೆ ಒಂದು ಪೆನ್ಸಿಲಿನ ಮೇಲೆ ನಿಂತಿರುತ್ತದೆ. ಆ ಬಳಿಕ ಕೊಳವೆಯು ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತಕಪಾಟನ್ನೋ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುವ ದ್ರವ ಸಾರಜನಕದ ತೊಟ್ಟಿಯನ್ನೋ ಸೇರುತ್ತದೆ.

ಇಂತಹ ಕಪಾಟುಗಳು ಲೋಕದಲ್ಲಿ ಅನೇಕ. ಆದರೆ ಯಾವ ಕಪಾಟಿನಲ್ಲಿ ಏನಿದೆಯೆಂಬುದು ಆಯಾ ಸಂಸ್ಥೆಯ ಉಗ್ರಾಣದವನಿಗಲ್ಲದೆ ಇತರರಿಗೆ ತಿಳಿಯುತ್ತಿರಲಿಲ್ಲ. ಜರ್ಮನಿಯ ಕೆಲವು ಸಂಸ್ಥೆಗಳು 2007ರಲ್ಲಿ ತಮ್ಮ ಡಿಎನ್‌ಎ ಭಂಡಾರಗಳ ಪಟ್ಟಿಯನ್ನು ಒಂದುಗೂಡಿಸಿದವು. ಅದೇ ಆಲೋಚನೆ ವಿಸ್ತಾರಗೊಂಡು, 2011ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ, ಬರ್ಲಿನ್ನಿನ ಸಸ್ಯೋದ್ಯಾನ ಮೊದಲಾದವರ ಸಹಕಾರದಿಂದ ‘ಗ್ಲೋಬಲ್ ಜೀನೋಮ್ ಬಯೋಡೈವರ್ಸಿಟಿ ನೆಟ್‌ವರ್ಕ್’ ಎಂಬ ಜಾಗತಿಕ ಜಾಲವಾಯಿತು. ಜಾಲವೆಂದೊಡನೆ, ಎಲ್ಲರ ಕಪಾಟುಗಳನ್ನೂ ಬರಿದು ಮಾಡಿ ಒಂದು ದೊಡ್ಡ ಉಗ್ರಾಣಕ್ಕೆ ಸಾಗಿಸುವ ಏರ್ಪಾಡೆಂದು ತಿಳಿಯುವವರುಂಟು, ಅದು ಹಾಗಲ್ಲ. ಸದಸ್ಯ ಸಂಸ್ಥೆಯು ಒಂದು ಒಡಂಬಡಿಕೆಗೆ ಸಹಿ ಹಾಕಿ, ತನ್ನಲ್ಲಿರುವ ಮಾದರಿಗಳ ವಿವರವನ್ನು ಎಲ್ಲರೂ ಒಪ್ಪಿದ ಒಂದೇ ನಮೂನೆಯಲ್ಲಿ ಪ್ರಕಟಿಸುತ್ತದೆ. ಯಾವ ಜೀವಿ, ಎಲ್ಲಿ ಯಾವಾಗ ಯಾರು ಸಂಗ್ರಹಿಸಿದರು, ಯಾವ ಅನುಮತಿಪತ್ರದ ಮೇರೆಗೆ, ಹೇಗೆ ಕಾಪಾಡಿದೆ, ಎಷ್ಟು ಉಳಿದಿದೆ, ಎರವಲಿಗೆ ದೊರೆಯುವುದೋ ಇಲ್ಲವೋ ಎಂಬುದಷ್ಟು ಬಹಿರಂಗವಾಗುತ್ತದೆ. ಚೂರು ಮಾತ್ರ ಇದ್ದಲ್ಲಿಯೇ ಇರುತ್ತದೆ. ಬೇಕೆಂದವರು ಆ ಸಂಸ್ಥೆಯನ್ನೇ ಕೇಳಬೇಕು. ಆ ದೇಶದ ಕಾಯಿದೆಗೆ ಒಳಪಟ್ಟು, ಏನು ಮಾಡಬಹುದು ಏನು ಕೂಡದೆಂಬ ಕರಾರುಪತ್ರ ಬರೆದುಕೊಟ್ಟ ಮೇಲೆಯೇ ಅವರಿಗೆ ಅದು ಸಿಗುವುದು.

ಹಂಚಿಕೆಯ ಅವಶ್ಯಕತೆಯನ್ನು ಬೆಂಕಿಯು ಎರಡು ಸಾರಿ ಬೋಧಿಸಿದೆ. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ಪ್ರಕೃತಿ ಇತಿಹಾಸ ಸಂಗ್ರಹಾಲಯವೂ, 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲಿನ ರಿಯೊ ನಗರದ ರಾಷ್ಟ್ರೀಯ ಸಂಗ್ರಹಾಲಯವೂ ಸುಟ್ಟುಹೋದವು. ರಿಯೊದ ಕೀಟಸಂಗ್ರಹದ ಬಹುಭಾಗ ಬೂದಿಯಾಯಿತು. ಅನ್ಯದೇಶಗಳಿಗೆ ಎರವಲಾಗಿ ಹೋಗಿದ್ದವು ಬದುಕಿಕೊಂಡವು.

ಈ ಏರ್ಪಾಡಿನ ಬೆಲೆಯನ್ನು ನಮ್ಮ ಹೊಳೆಯ ಮೀನೊಂದರಿಂದ ತಿಳಿಯಬಹುದು. ಮಹಶೀರ್ ಎಂದು ಹೊರಗಿನವರೂ ಬಿಳಿಮೀನೆಂದು ನಮ್ಮವರೂ ಕರೆಯುವ ಕುಲದಲ್ಲಿ, ಬೆನ್ನಿನ ಮೇಲೆ ಗೂನು ಎದ್ದು, ರೆಕ್ಕೆಗಳು ಕಿತ್ತಳೆಯ ಬಣ್ಣಕ್ಕೆ ತಿರುಗಿ, ಆಳೆತ್ತರಕ್ಕೆ ಬೆಳೆಯಬಲ್ಲ ಒಂದು ಬಗೆ ಕಾವೇರಿಗೂ ಅದರ ಉಪನದಿಗಳಿಗೂ ವಿಶಿಷ್ಟವಾದದ್ದು. ಗಾಳಹಾಕುವ ವಿಲಾಸದ ಆಂಗ್ಲರಿಗೆ ಇದರ ಮೇಲೆ ಮಹಾ ಮೋಹ. ಹೆನ್ರಿ ಸಲಿವನ್ ಥಾಮಸ್ ಎಂಬ ಮದರಾಸಿನ ಅಧಿಕಾರಿ 1873ರಲ್ಲಿಯೇ ಇಂಡಿಯದ ಗಾಳದ ಬೇಟೆಯ ಮೇಲೆ ಗ್ರಂಥ ಬರೆದ. 1946ರಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನದ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಚಿತ್ರಗಳು ತೆಗೆಯಲ್ಪಟ್ಟವು, ದಾಖಲೆಗಳು ಬರೆಯಲ್ಪಟ್ಟವು, ಮುಂದೆ ಕಾವೇರಿ ದಂಡೆಯ ಭೀಮೇಶ್ವರಿಯ ಕಡೆಗೆ ಲೋಕದ ಮೂಲೆಮೂಲೆಗಳಿಂದ ಗಾಳದವರು ಬಂದರು. ಇಷ್ಟೆಲ್ಲ ಆಗಿಯೂ ಈ ಮೀನಿಗೆ ಖಚಿತವಾದ ಶಾಸ್ತ್ರೀಯ ನಾಮಧೇಯವಿರಲಿಲ್ಲವೆಂದರೆ ಆಶ್ಚರ್ಯ! ಕರ್ನಲ್ ಸೈಕ್ಸ್ ಎಂಬವನು 1839ರಲ್ಲಿ ಪುಣೆಯ ಸೀಮೆಯ, ಎಂದರೆ ಕೃಷ್ಣಾ ಕೊಳ್ಳದ ಮೀನಿಗೆ ಇಟ್ಟ ‘ಮುಸುಲ್ಲಾ’ ಎಂಬ ಹೆಸರನ್ನೇ ಜನರು ಇದಕ್ಕೂ ಅಂಟಿಸಿ ಕೈತೊಳೆದುಕೊಂಡಿದ್ದರು.

ಅಷ್ಟರಲ್ಲಿ ಲೋನಾವಳದಲ್ಲಿ ಮರಿಮಾಡಿಸಿದ ಕೃಷ್ಣಾ ಕೊಳ್ಳದ ಇನ್ನೊಂದು ಮಹಶೀರನ್ನು, ಬೂದುನೀಲಿ ರೆಕ್ಕೆಯ ಜಾತಿಯನ್ನು, ಕಾವೇರಿಗೂ ತಂದು ಬಿಟ್ಟಿದ್ದರು. ಉದ್ದೇಶ ಒಳ್ಳೆಯದೇ, ನದಿಯಲ್ಲಿ ಮಹಶೀರ್ ಹೆಚ್ಚಲೆಂಬುದು. ಹೊಸಬ ಹೆಚ್ಚಿದ, ಹಳಬ ಕುಗ್ಗಿದ. ಹಿಡಿದು ಬಿಡುವ ಗಾಳದವರು ವರ್ಷಗಟ್ಟಲೆ ಬರೆದಿಟ್ಟ ದಿನಚರಿಗಳನ್ನು ಪರಿಶೀಲಿಸಿದ ಏಡ್ರಿಯನ್ ಪಿಂಡರ್ ಮೊದಲಾದ ವಿಜ್ಞಾನಿಗಳಿಗೆ ಗೂನುಬೆನ್ನಿನ ಮೀನು ಕಣ್ಮರೆಯಾಗುತ್ತಿರುವುದು ಸ್ಪಷ್ಟವಾಯಿತು. ಆದರೆ ಹೆಸರಿಲ್ಲದ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದು ಹೇಗೆ? ಆಗ ಅವರೂ ಕೇರಳ-ತಮಿಳುನಾಡುಗಳ ಮೀನುತಜ್ಞರೂ ಸೇರಿ, ಕಾವೇರಿಯ ಕೊಳ್ಳಕ್ಕೆ ಸೇರಿದ ಮೋಯಾರ್ ನದಿಯಲ್ಲಿ ಗೂನುಬೆನ್ನಿನ ಮೀನುಗಳನ್ನು ಹುಡುಕಿ ಪಡೆದು, ಅವುಗಳ ಅಂಗರಚನೆಯನ್ನೂ ಡಿಎನ್‌ಎಯನ್ನೂ ಇತರ ಮಹಶೀರ್‌ಗಳೊಡನೆ ಹೋಲಿಸಿದರು. ಕಂಡುಬಂದದ್ದೇನೆಂದರೆ, ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುವ ಕೇರಳದ ಪಾಂಬಾರ್ ಎಂಬ ತೊರೆಯಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿದ್ವಾಂಸರು ಕೆಲವು ವರ್ಷಗಳ ಹಿಂದೆ ಹೊಸ ಜಾತಿಯೆಂದು ಸಾರಿ, ಮೀನುಶಾಸ್ತ್ರಜ್ಞೆ ರೇಮಾದೇವಿಯವರ ಗೌರವಾರ್ಥ ಇಟ್ಟಿದ್ದ ‘ಟಾರ್ ರೇಮಾದೇವೀ’ ಎಂಬ ಹೆಸರೇ ಈ ಮಹಾಮೀನಿನದೂ ಹೌದು. ಈ ನಿರ್ಣಯ ಪ್ರಕಟವಾದದ್ದು 2018ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಅಂತಾರಾಷ್ಟ್ರೀಯ ಕೆಂಪುಪಟ್ಟಿಯು ಅದನ್ನು ತೀವ್ರ ಅಪಾಯದಲ್ಲಿರುವ ಜಾತಿಯೆಂದು ಘೋಷಿಸಿತು. ನಾಮಕರಣವೂ ಮರಣಶಯ್ಯೆಯ ವಾರ್ತೆಯೂ ಒಂದೇ ವರ್ಷದಲ್ಲಿ.

ನೂರೈವತ್ತು ವರ್ಷಗಳ ಕಾಲ ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡವರ ಪೈಕಿ ಹತ್ತು ಜನ, ಮೀನಿನ ರೆಕ್ಕೆಯ ಚೂರನ್ನು ಸ್ಥಳ, ದಿನಾಂಕಗಳೊಡನೆ ತೆಗೆದಿಟ್ಟಿದ್ದರೆ ಈ ಗೊಂದಲ ಇಷ್ಟು ದೀರ್ಘವಾಗುತ್ತಿರಲಿಲ್ಲ. ಅಂದಿನವರಿಗೆ ಡಿಎನ್‌ಎ ತಿಳಿಯದು, ಅವರನ್ನು ದೂರಿ ಫಲವಿಲ್ಲ. ಆದರೆ ತಿಳಿದ ಮೇಲೂ ಮಾಡದಿದ್ದರೆ ಅದು ಬೇರೆ ಮಾತು. ಗೂನುಬೆನ್ನಿನ ಮೀನನ್ನು ಮುಂದೆ ಮರಿಮಾಡಿಸಿ ಹೊಳೆಗೆ ಬಿಡಬೇಕೆಂದು ಯಾರಾದರೂ ಹೊರಟಲ್ಲಿ, ತಾಯಿತಂದೆ ಮೀನುಗಳು ಶುದ್ಧ ಕಾವೇರಿಯವೋ, ನೀಲಿರೆಕ್ಕೆಯದರ ಬೆರಕೆಯೋ ಎಂಬುದನ್ನು ಮೊದಲು ನೋಡಬೇಕಾಗುವುದು. ಕಣ್ಣಂದಾಜು ಅದಕ್ಕೆ ಸಾಲದು.

ಮಾದರಿಯ ಬೆಲೆಯಿರುವುದು ಮಾಂಸದಲ್ಲಲ್ಲ, ಅದರೊಡನಿರುವ ಬರಹದಲ್ಲಿ. ಪಹಣಿಯಿಲ್ಲದ ಹೊಲವು ಎಷ್ಟು ಫಲವತ್ತಾದರೂ ಅದರ ಮೇಲೆ ಒಬ್ಬನು ಸಾಲ ಕೊಡನು, ಮತ್ತೊಬ್ಬನು ಕೊಳ್ಳನು, ಯಾರೋ ಒತ್ತುವರಿ ಮಾಡಿದರೆ ಕೇಳುವ ಹಕ್ಕೂ ನಿಲ್ಲದು. ಚೀಟಿಯಿಲ್ಲದ ಕೊಳವೆಯ ಗತಿಯೂ ಅದೇ. ಹಿಂದಿನ ಕಾಲದ ಹಂಚಿಕೆಯಲ್ಲಿ ಕೊರತೆಯಾದದ್ದು ಈ ಲೆಕ್ಕವೇ. ಮದರಾಸು ಸೈನ್ಯದ ವೈದ್ಯನಾಗಿದ್ದು ‘ಫಿಶಸ್ ಆಫ್ ಇಂಡಿಯ’ ಎಂಬ ಮಹಾಗ್ರಂಥವನ್ನು ಬರೆದ ಫ್ರಾನ್ಸಿಸ್ ಡೇ ಸಂಗ್ರಹಿಸಿದ ಮೀನುಗಳು ಕಲಕತ್ತೆ, ಲಂಡನ್ನು, ಸಿಡ್ನಿಗಳಲ್ಲಿ ಚದುರಿ ಕುಳಿತಿವೆ. ಹಿಡಿದುಕೊಟ್ಟ ಬೆಸ್ತರಿಗಾಗಲಿ ಅವರ ಊರಿಗಾಗಲಿ ಆ ಹಂಚಿಕೆಯಲ್ಲಿ ಭಾಗವೆಂಬುದು ಯಾರ ಕಲ್ಪನೆಗೂ ಬಂದಿರಲಾರದು.

ಆದಕಾರಣ 1992ರ ರಿಯೊ ಒಪ್ಪಂದವು ಜೀವಸಂಪತ್ತಿನ ಮೇಲೆ ಆಯಾ ದೇಶಕ್ಕೆ ಸಾರ್ವಭೌಮ ಹಕ್ಕುಂಟೆಂದು ಸಾರಿದಾಗ, 2010ರ ನಗೋಯ ಒಡಂಬಡಿಕೆಯು ಲಾಭದಲ್ಲಿ ಪಾಲು ಸಲ್ಲಬೇಕೆಂದಾಗ, ನಮ್ಮಂತಹ ದೇಶಗಳು ಸಮಾಧಾನಪಟ್ಟುದು ಸಹಜ. ಭಾರತ 2002ರಲ್ಲಿಯೇ ಜೀವವೈವಿಧ್ಯ ಕಾಯಿದೆ ಮಾಡಿ, ಚೆನ್ನೈಯಲ್ಲಿ ರಾಷ್ಟ್ರೀಯ ಪ್ರಾಧಿಕಾರವನ್ನು ಸ್ಥಾಪಿಸಿತು. ಹೊರದೇಶದವರು ನಮ್ಮ ಜೀವಸಂಪನ್ಮೂಲವನ್ನು ಪಡೆಯಬೇಕಾದರೆ ಅದರ ಅಪ್ಪಣೆ ಬೇಕೆಂದಾಯಿತು. ಮಾದರಿಗಳನ್ನು ಕಾಯ್ದಿಡಲು ಅಧಿಕೃತ ಭಂಡಾರಗಳೂ ಗೊತ್ತಾದವು: ಸಸ್ಯಕ್ಕೂ ಪ್ರಾಣಿಗೂ ಕಲಕತ್ತೆಯ ಎರಡು ಸರ್ವೇಕ್ಷಣ ಸಂಸ್ಥೆಗಳು, ಮೀನಿಗೆ ಲಕ್ನೋ, ಸಾಕುಪ್ರಾಣಿಗೆ ಕರ್ನಾಲ್. ನಮ್ಮ ಬಂಡೂರು ಕುರಿಗೆ ‘ಮಂಡ್ಯ’ ಎಂಬ ತಳಿಯಾಗಿ ಮನ್ನಣೆಯಿರುವುದು ಆ ಕರ್ನಾಲಿನ ಸಂಸ್ಥೆಯ ಪಟ್ಟಿಯಲ್ಲಿ. ಹೈದರಾಬಾದಿನಲ್ಲಿ ಲಾಲ್‌ಜಿ ಸಿಂಗರು ಕಟ್ಟಿದ ‘ಲ್ಯಾಕೋನ್ಸ್’ ಎಂಬ ಪ್ರಯೋಗಾಲಯದಲ್ಲಿ ವನ್ಯಮೃಗಗಳ ಅಂಗಾಂಶ ಭಂಡಾರವುಂಟು.

ಕಾಯಿದೆಯ ಬೇಲಿ ಕಳ್ಳನನ್ನು ತಡೆಯುವುದರ ಜೊತೆಗೆ ನೆಂಟನನ್ನೂ ಹೊರಗೆ ನಿಲ್ಲಿಸುತ್ತಿದೆಯೆಂಬ ದೂರು ವಿಜ್ಞಾನಿಗಳದು. ಕೇರಳದ ಕೀಟಶಾಸ್ತ್ರಜ್ಞ ಪ್ರತಾಪನ್, ಬೆಂಗಳೂರಿನ ಏಟ್ರೀ ಸಂಸ್ಥೆಯ ಸ್ಥಾಪಕ ಕಮಲ್‌ಜಿತ್ ಬಾವಾ ಮೊದಲಾದವರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ರೋಗಕ್ಕೆಂದು ಕೊಟ್ಟ ಮದ್ದೇ ರೋಗಿಯನ್ನು ಕೊಲ್ಲುತ್ತಿದೆಯೆಂಬ ಅರ್ಥದ ಲೇಖನ ಬರೆದರು. ಹಲವು ದೇಶಗಳ ನೂರಕ್ಕೂ ಹೆಚ್ಚು ಪಂಡಿತರು ಅದಕ್ಕೆ ದನಿಗೂಡಿಸಿದರು. ಒಂದು ಜೀರುಂಡೆಯನ್ನು ಹೋಲಿಕೆಗೆಂದು ಹೊರಗೆ ಕಳುಹಿಸಬೇಕಾದರೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವನ ಬೇಸರ ನನಗೆ ಅರ್ಥವಾಗುತ್ತದೆ. ಕಳವಿನ ಭಯವೂ ನಿರಾಧಾರವಾದದ್ದಲ್ಲ. ನನಗೆ ಒಪ್ಪಿಗೆಯಾಗದಿರುವುದು ಒಂದೇ: ಮುಚ್ಚಿಟ್ಟದ್ದು ಸುರಕ್ಷಿತವೆಂಬ ಭಾವನೆ. ನಮ್ಮ ಕಪಾಟಿನಲ್ಲಿ ಇಂಥದೊಂದು ಇದೆ, ಇಂಥ ಊರಿನದು, ಇಂಥ ಕರಾರಿಗೆ ಒಳಪಟ್ಟದ್ದು ಎಂದು ಲೋಕದೆದುರಿಗೆ ಬರೆದಿಟ್ಟ ವಸ್ತುವನ್ನು ಅಪಹರಿಸಿ ದಕ್ಕಿಸಿಕೊಳ್ಳುವುದು ಕಷ್ಟ. ಬರೆಯದೆ ಬಿಟ್ಟದ್ದನ್ನು ಯಾರು ಬೇಕಾದರೂ ತಮ್ಮದೆನ್ನಬಹುದು. ಜಾಗತಿಕ ಜಾಲವು ಬೇಡುತ್ತಿರುವುದು ಮುಖ್ಯವಾಗಿ ಈ ಬರಹವನ್ನೇ ಆಗಿರುವುದರಿಂದ, ನಮ್ಮ ಭಂಡಾರಗಳು ಅದರಲ್ಲಿ ಸೇರುವುದರಿಂದ ಕಳೆದುಕೊಳ್ಳುವಂಥದು ಬಹಳವಿಲ್ಲವೆಂದೇ ನನ್ನ ಅಭಿಪ್ರಾಯ.

ತೊಡಕಿರುವುದು ತುದಿಯಲ್ಲಲ್ಲ, ಬುಡದಲ್ಲಿ. ಅದೇ ಕಾಯಿದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದು ಇರತಕ್ಕದ್ದು. ಅದು ಊರಿನ ತಳಿ, ಮರ, ಮೀನು, ಹಕ್ಕಿ, ಮದ್ದಿನ ಗಿಡಗಳನ್ನೂ ಅವುಗಳ ಬಗೆಗೆ ಹಿರಿಯರಿಗಿರುವ ತಿಳಿವಳಿಕೆಯನ್ನೂ ಬರೆದಿಟ್ಟ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸತಕ್ಕದ್ದು. ಬಹುಕಾಲ ಇದು ಕಾಗದದ ಮೇಲೆಯೇ ಉಳಿಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿಯ ಕೊನೆಯೊಳಗೆ ಮುಗಿಸಬೇಕು, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ಗಡುವು ವಿಧಿಸಿದ ಮೇಲೆ ದೇಶದಲ್ಲೆಲ್ಲ ಒಮ್ಮೆಗೇ ಗಡಿಬಿಡಿ ಹತ್ತಿತು. ಗಡಿಬಿಡಿಯಲ್ಲಿ ಬರೆದ ದಾಖಲೆಗೆ, ನಾಟಿಯ ಹೊತ್ತಿನಲ್ಲಿ ಯಾವ ಹಕ್ಕಿ ಗದ್ದೆಗೆ ಇಳಿಯುತ್ತದೆ, ಹೊಳೆಯ ಯಾವ ಮಡುವಿನಲ್ಲಿ ಈಗಲೂ ಬಿಳಿಮೀನು ಕಾಣುತ್ತದೆ ಎಂಬುದನ್ನು ಬಲ್ಲ ಬೆಸ್ತರ ಮುದುಕನನ್ನು ಕೂರಿಸಿಕೊಂಡು ಕೇಳುವ ಪುರಸೊತ್ತು ಎಲ್ಲಿಂದ ಬಂದೀತು?

ಇದರಿಂದ ಆಗುವ ನಷ್ಟ ಈಗ ಹಣದ ರೂಪದಲ್ಲಿಯೂ ಕಾಣತೊಡಗಿದೆ. ಡಿಎನ್‌ಎಯ ಲಿಪಿಯನ್ನು ಒಮ್ಮೆ ಓದಿ ಗಣಕಯಂತ್ರಕ್ಕೆ ಸೇರಿಸಿದರೆ, ಆಮೇಲೆ ಔಷಧದ ಕಂಪನಿಗೆ ಅಂಗಾಂಶದ ಚೂರೇ ಬೇಕಿಲ್ಲ. ಅಕ್ಷರಗಳ ಸಾಲು ಸಾಕು. ಗಡಿಯನ್ನು ದಾಟದೆಯೇ ದಾಟಿದ ಇಂತಹ ಸಂಪತ್ತಿಗೆ ಪ್ರತಿಫಲವೇನೆಂದು ದೇಶಗಳು ವರ್ಷಗಟ್ಟಲೆ ವಾದಿಸಿ, 2024ರಲ್ಲಿ ಕೊಲಂಬಿಯದ ಕ್ಯಾಲಿ ನಗರದ ಸಮ್ಮೇಳನದಲ್ಲಿ ಒಂದು ನಿಧಿಗೆ ಒಪ್ಪಿ, 2025ರ ಫೆಬ್ರವರಿಯಲ್ಲಿ ರೋಮಿನಲ್ಲಿ ಅದನ್ನು ಆರಂಭಿಸಿದವು. ಈ ಲಿಪಿಯಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ತಮ್ಮ ಆದಾಯದ ಅಲ್ಪಾಂಶವನ್ನು ಅದಕ್ಕೆ ಸಲ್ಲಿಸಬೇಕೆಂದು ನಿರೀಕ್ಷೆ, ಕಡ್ಡಾಯವಿಲ್ಲ. ನಿಧಿಯ ಅರ್ಧದಷ್ಟಾದರೂ ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ ಸಲ್ಲಬೇಕೆಂಬ ಆಶಯವಿದೆ. ಅರಕೆರೆ ಹೋಬಳಿಯ ಯಾವುದಾದರೊಂದು ಪಂಚಾಯಿತಿ ಮುಂದೊಂದು ದಿನ ಅದರಲ್ಲಿ ಪಾಲು ಕೇಳುವುದಾದರೆ, ಆ ಸಮಿತಿಯವರು ತೋರಿಸಬೇಕಾದ ಕಾಗದಗಳು ಎರಡು: ಊರಿನ ಜೀವವೈವಿಧ್ಯ ದಾಖಲೆ, ಮತ್ತು ಲಕ್ನೋದಲ್ಲಿಯೋ ಬರ್ಲಿನ್ನಿನಲ್ಲಿಯೋ ಇರುವ ಕೊಳವೆಯ ವಿವರದಲ್ಲಿ, ‘ಸಂಗ್ರಹಿಸಿದ ಸ್ಥಳ’ ಎಂಬ ಅಂಕಣದ ಮುಂದೆ, ಬರಿಯ ‘ಕರ್ನಾಟಕ’ ಎಂದಿರದೆ ಹಳ್ಳಿಯ ಹೆಸರೂ ನಮೂದಾಗಿರುವ ಆ ಒಂದು ಸಾಲು.